ಹಳೆಯ ಮನೆಯ ಕೀಲಿಕೈಗಳಿಂದ ತೂಗುಪಟ್ಟಿ

ಹಳೆಯ ಮನೆಯನ್ನು ಕೆಡವಿದಾಗ ಬಾಗಿಲು, ಕಿಟಕಿ, ತೊಲೆಗಳಿಗೆ ಕೊಳ್ಳುವವರು ಬರುತ್ತಾರೆ. ಕೀಲಿಕೈಗಳನ್ನು ಯಾರೂ ಕೇಳುವುದಿಲ್ಲ. ಲಿಂಗನಮಕ್ಕಿ ಅಥವಾ ಆಲಮಟ್ಟಿಯ ಹಿನ್ನೀರಿಗೆ ಊರನ್ನೇ ಬಿಟ್ಟುಕೊಟ್ಟ ಕುಟುಂಬಗಳಲ್ಲಂತೂ ಮನೆಯೇ ಇಲ್ಲದ ಕೀಲಿಕೈ ಪೆಟ್ಟಿಗೆಯ ತಳದಲ್ಲಿ ಉಳಿದಿದ್ದರೆ ಆಶ್ಚರ್ಯವಿಲ್ಲ. ಇವನ್ನು ಮರದ ಪಟ್ಟಿಯೊಂದಕ್ಕೆ ಸಾಲಾಗಿ ಇಳಿಬಿಟ್ಟು ನಡುಮನೆಯ ಗೋಡೆಗೆ ತೂಗುಹಾಕುವುದು ಒಂದು ಭಾನುವಾರದ ಕೆಲಸ. ಆದರೆ ಬಹಳಷ್ಟು ಮನೆಗಳಲ್ಲಿ ಈ ಅಲಂಕಾರ ಮುಂದಿನ ಮಳೆಗಾಲದ ಹೊತ್ತಿಗೆ ಗೋಡೆಯ ಮೇಲೆ ಕೆಂಪು ಗೆರೆಗಳನ್ನು ಇಳಿಸಿರುತ್ತದೆ. ತುಕ್ಕು ತೆಗೆಯಲು ತೋರುವ ಉತ್ಸಾಹವನ್ನು ಒಣಗಿಸುವಾಗ ಯಾರೂ ತೋರದಿರುವುದೇ ಇದಕ್ಕೆ ಕಾರಣ.

ತೊಳೆಯುವ ಮೊದಲೇ ಪ್ರತಿ ಕೀಲಿಕೈಗೂ ಚೀಟಿ ಕಟ್ಟಿ ಅದು ಹೆಬ್ಬಾಗಿಲಿನದೋ, ಉಗ್ರಾಣದ್ದೋ, ತಿಜೋರಿಯದೋ ಎಂದು ಮನೆಯ ಹಿರಿಯರನ್ನು ಕೇಳಿ ಬರೆದುಕೊಳ್ಳಿ. ತುಕ್ಕು ಹೋದ ಮೇಲೆ ಅವರಿಗೂ ಗುರುತು ಹತ್ತುವುದು ಕಷ್ಟ. ಆಮೇಲೆ ಅಯಸ್ಕಾಂತ ಹಿಡಿದು ಕಬ್ಬಿಣ ಮತ್ತು ಹಿತ್ತಾಳೆಗಳನ್ನು ಬೇರ್ಪಡಿಸಿ. ಹಳದಿಯಾಗಿ ಕಂಡರೂ ಅಯಸ್ಕಾಂತಕ್ಕೆ ಅಂಟಿಕೊಳ್ಳುವುದು ಲೇಪ ಹಚ್ಚಿದ ಕಬ್ಬಿಣ. ಅದನ್ನೂ, ನಿಕ್ಕಲ್ ಲೇಪವಿರುವ ಬೆಳ್ಳನೆಯ ಕೀಲಿಕೈಗಳನ್ನೂ ಹುಳಿಯಲ್ಲಿ ಮುಳುಗಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಕಬ್ಬಿಣದ ಕೀಲಿಕೈಗಳನ್ನು ಗಾಜಿನ ಪಾತ್ರೆಯಲ್ಲಿಟ್ಟು ಮುಳುಗುವಷ್ಟು ಬಿಳಿ ವಿನೆಗರ್ ಸುರಿಯಿರಿ. ಗುಳ್ಳೆಗಳಾಗಿ ಅನಿಲ ಹೊರಬರುವುದರಿಂದ ಮುಚ್ಚಳವನ್ನು ಬಿಗಿಯಬಾರದು. ಹಿತ್ತಾಳೆಯನ್ನು ಇದೇ ಪಾತ್ರೆಗೆ ಹಾಕಿದರೆ ಅದರಿಂದ ಕರಗಿದ ತಾಮ್ರ ಕಬ್ಬಿಣದ ಮೇಲೆ ಕೂತು ಅಸಹ್ಯವಾದ ಗುಲಾಬಿ ಬಣ್ಣ ಬರುತ್ತದೆ. ಎರಡು ಗಂಟೆಗೊಮ್ಮೆ ತೆಗೆದು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ನೋಡಿ. ಪುಡಿಪುಡಿಯಾದ ಕೆಂಪು ತುಕ್ಕು ಹೋಗಿ ಕೆಳಗಿನ ಕಪ್ಪು ಕಾಣಿಸಿಕೊಂಡ ಕೂಡಲೇ ನಿಲ್ಲಿಸಬೇಕು. ಆ ಕಪ್ಪು ವರ್ಷಗಳ ಬಳಕೆಯಿಂದ ಬಂದದ್ದು, ಉಳಿಸಿಕೊಳ್ಳಬೇಕಾದದ್ದೂ ಅದೇ. ಹೆಚ್ಚು ಹೊತ್ತು ಬಿಟ್ಟರೆ ಲೋಹ ಬೂದಿಬಣ್ಣಕ್ಕೆ ತಿರುಗಿ, ಕೆತ್ತಿದ ಅಂಕಿಗಳು ಮಾಸುತ್ತವೆ. ಕಕ್ಕಸು ತೊಳೆಯುವ ಆಮ್ಲ ಬಳಸಿದರೆ ಕೆಲಸ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ ಎನ್ನುವವರಿದ್ದಾರೆ. ಅದರ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು. ಸಂದುಗಳಲ್ಲಿ ಉಳಿದ ಕ್ಲೋರೈಡ್ ಮತ್ತೆ ತುಕ್ಕು ಹಿಡಿಸುತ್ತದೆ. ಹಿತ್ತಾಳೆಗೆ ಹುಣಸೆಹಣ್ಣು ಸಾಕು, ಅದೂ ಉಪ್ಪು ಬೆರೆಸದೆ.

ಕೆಲಸ ಕೆಡುವುದು ಮುಂದಿನ ಅರ್ಧ ಗಂಟೆಯಲ್ಲಿ. ವಿನೆಗರ್‌ನಿಂದ ತೆಗೆದ ಕಬ್ಬಿಣವನ್ನು ಒಂದು ಚಮಚ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಅದ್ದಿ ಉಳಿದ ಹುಳಿಯನ್ನು ಕಳೆಯಿರಿ. ಆಮೇಲೆ ಶುದ್ಧ ನೀರಿನಲ್ಲಿ ತೊಳೆದು, ಕ್ಷಣವೂ ತಡಮಾಡದೆ ಒಣಬಟ್ಟೆಯಲ್ಲಿ ಒರೆಸಿ. ಈ ಸ್ಥಿತಿಯಲ್ಲಿ ಬರಿಯ ಕಬ್ಬಿಣವನ್ನು ಗಾಳಿಗೆ ಆರಲು ಬಿಟ್ಟರೆ ನಿಮ್ಮ ಕಣ್ಣೆದುರೇ ಕಿತ್ತಳೆ ಬಣ್ಣದ ಪೊರೆ ಕಟ್ಟುತ್ತದೆ. ಬಿಸಿಲನ್ನೂ ನಂಬಬೇಡಿ. ಅಡುಗೆಗೆ ಬಳಸದ ಹಳೆಯ ಕಾವಲಿಯನ್ನು ಸಣ್ಣ ಉರಿಯ ಮೇಲಿಟ್ಟು, ಕೀಲಿಕೈಗಳನ್ನು ಅದರ ಮೇಲೆ ಹರಡಿ, ತಿರುಗಿಸುತ್ತಾ ಬಿಸಿಮಾಡಿ. ಟೊಳ್ಳು ಕಾಂಡದ ಕೀಲಿಕೈಗಳ ಕೊಳವೆಯೊಳಗೆ ನೀರು ನಿಂತಿರುತ್ತದೆ. ಮೊದಲು ಬಾಯಿ ಕೆಳಗೆ ಮಾಡಿ ಕುಟ್ಟಿ ಆ ನೀರನ್ನು ಹೊರಹಾಕಿ, ಆಮೇಲೆ ಅವನ್ನು ಉಳಿದವುಗಳಿಗಿಂತ ಹೆಚ್ಚು ಹೊತ್ತು ಕಾಯಿಸಬೇಕು. ಗೋಡೆಯ ಕೆಂಪು ಗೆರೆಗಳು ಸಾಮಾನ್ಯವಾಗಿ ಶುರುವಾಗುವುದೇ ಈ ಕೊಳವೆಗಳಿಂದ. ಇಕ್ಕಳದಲ್ಲಿ ಹಿಡಿದ ಕೀಲಿಕೈಗೆ ಜೇನುಮೇಣದ ತುಂಡನ್ನು ತಾಗಿಸಿದಾಗ ಅದು ಕರಗಿ ಹರಿದರೆ ಬಿಸಿ ಸರಿಯಾಗಿದೆ ಎಂದರ್ಥ. ಉರಿ ಆರಿಸಿ, ಹಲ್ಲುಗಳ ಸಂದು, ಹಿಡಿಯ ರಂಧ್ರ, ಕೊಳವೆಯ ಬಾಯಿ ಎಲ್ಲಕ್ಕೂ ಮೇಣ ಹೋಗುವಂತೆ ಸವರಿ, ತಣಿದ ಬಳಿಕ ಒರಟು ಬಟ್ಟೆಯಲ್ಲಿ ಉಜ್ಜಿ. ಕೊಬ್ಬರಿ ಎಣ್ಣೆ ಕೈಗೆ ಸುಲಭವಾಗಿ ಸಿಗುತ್ತದೆ, ನಿಜ. ಅದು ಒಣಗದೆ ದೂಳನ್ನು ಹಿಡಿದುಕೊಂಡು ಕೂರುತ್ತದೆ. ಚಿನ್ನದ ಬಣ್ಣದ ಸ್ಪ್ರೇ ಹೊಡೆಯಬೇಕೆನ್ನುವವರು ದಯವಿಟ್ಟು ಅಂಗಡಿಯಿಂದ ಹೊಸ ಕೀಲಿಕೈಗಳನ್ನೇ ತರಬೇಕು.

ಪಟ್ಟಿಗೆ ಹಳೆಯ ಕಿಟಕಿಯ ಚೌಕಟ್ಟಿನ ತುಂಡೇ ಶ್ರೇಷ್ಠ; ಒಂದೂವರೆ ಅಡಿ ಉದ್ದ ಸಾಕು. ಬಿಸಿ ಅಂಟಿನ ಗನ್ ಬಳಸಬೇಡಿ: ನಯವಾದ ಲೋಹಕ್ಕೆ ಆ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಬೇಸಿಗೆಯಲ್ಲಿ ಮೆತ್ತಗಾಗುತ್ತದೆ. ಚಪ್ಪಲಿ ಹೊಲಿಯುವವರು ಬಳಸುವ ಮೇಣದ ದಾರವನ್ನು ಇಮ್ಮಡಿಸಿ, ಅದರ ಕುಣಿಕೆಯನ್ನು ಹಿಡಿಯ ರಂಧ್ರದಲ್ಲಿ ತೂರಿಸಿ, ತುದಿಗಳೆರಡನ್ನೂ ಕುಣಿಕೆಯೊಳಗಿಂದ ಎಳೆದರೆ ಗಂಟು ತಾನಾಗಿ ಬಿಗಿಯುತ್ತದೆ. ಹೆಬ್ಬಾಗಿಲಿನ ಕೀಲಿಕೈ ನಡುವೆ, ಪೆಟ್ಟಿಗೆಗಳ ಪುಟ್ಟ ಕೀಲಿಕೈಗಳು ಅಂಚಿನಲ್ಲಿ, ಹಿಂದೆ ಬರೆದಿಟ್ಟ ಹೆಸರುಗಳು ಪಟ್ಟಿಯ ಮೇಲೆ ಶಾಯಿಯಲ್ಲಿ. ಹಳೆಯ ಹಿತ್ತಾಳೆಯಲ್ಲಿ ಸೀಸ ಇರಬಹುದಾದ್ದರಿಂದ ಎಳೆ ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಮೊಳೆ ಹೊಡೆಯಬೇಕು. ಕರಾವಳಿ, ಮಲೆನಾಡಿನವರು ಪ್ರತಿವರ್ಷ ಮುಂಗಾರಿಗೆ ಮೊದಲು ಕೆಳಗಿಳಿಸಿ ಮತ್ತೊಮ್ಮೆ ಮೇಣ ಹಚ್ಚಬೇಕಾಗುತ್ತದೆ.

ಈಗಲೂ ಬಳಕೆಯಲ್ಲಿರುವ ಬೀಗದ ಕೀಲಿಕೈಯನ್ನು ಇದರಲ್ಲಿ ಸೇರಿಸಿ ಚಿತ್ರ ತೆಗೆದು ಎಲ್ಲರಿಗೂ ಕಳುಹಿಸುವ ಅಭ್ಯಾಸ ಬೇಡ. ಸ್ಯಾನ್ ಡಿಯೇಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲೇ, ದೂರದಿಂದ ತೆಗೆದ ಚಿತ್ರವೊಂದರಿಂದ ಕೀಲಿಕೈಯ ಹಲ್ಲುಗಳ ಅಳತೆ ಹಿಡಿದು ನಕಲು ಮಾಡಬಹುದೆಂದು ತೋರಿಸಿಕೊಟ್ಟಿದ್ದಾರೆ. ಮನೆಯನ್ನು ಮಾರಿದ್ದು, ಬೀಗ ಇನ್ನೂ ಹಳೆಯದೇ ಆಗಿದ್ದರೆ, ಆ ಕೀಲಿಕೈ ಸೇರಬೇಕಾದದ್ದು ಕೊಂಡವರಿಗೆ.