ಲಿನಕ್ಸ್ ಹಾಕ್ಕೊಂಡ್ರಿ ಚಲೋ ಆತು, ಇನ್ನ ಬ್ರೌಸರ್ ಯಾವ್ದು ಇಟ್ಕೋತೀರಿ?

2025ರ ಅಕ್ಟೋಬರ್ 14ಕ್ಕ ವಿಂಡೋಸ್ 10ರ ಸಪೋರ್ಟ್ ಮುಗೀತು ನೋಡ್ರಿ, ಅವತ್ತಿಂದ ನಮ್ಮ ಓಣ್ಯಾಗ ನಾ ಒಂಥರಾ ಲಿನಕ್ಸ್ ಡಾಕ್ಟರ್ ಆಗೇನಿ. ಹುಬ್ಬಳ್ಳಿ ವಿದ್ಯಾನಗರದಾಗ ನನ್ನ ಮನಿ, ಗೆಳೆಯಾರು ಬೀಗರು ಅವರ ಹುಡುಗೂರು ಎಲ್ಲಾರೂ ಹಳೇ ಲ್ಯಾಪ್‌ಟಾಪ್ ಬಗಲಾಗ ಹಿಡ್ಕೊಂಡು ಬರ್ತಾರ, ವಿಂಡೋಸ್ ಬದ್ಲಿ ಮಿಂಟ್ ಅನ್ನೋ ಲಿನಕ್ಸ್ ಹಾಕಿ ಕೊಡು ಅಂತಾರ, ಹಾಕಿ ಕೊಟ್ಟು ಎರಡ ದಿನ ಆಗಿರಂಗಿಲ್ಲ ಫೋನ್ ಬರ್ತೈತಿ, ಅಣ್ಣಾ ಇದರಾಗ ಕ್ರೋಮ್ ಎಲ್ಲೈತಿ ಅಂತ. ಒಳಗ ಫೈರ್‌ಫಾಕ್ಸ್ ಕುಂತಿರ್ತೈತಿ, ಅದನ್ನ ಒಮ್ಮೆನೂ ತಗದು ನೋಡಿರಂಗಿಲ್ಲ. ಇನ್ನ ಕೆಲವರು ಎಲ್ಲೋ ಒಂದು ವಿಡಿಯೋ ನೋಡಿ ಐದಾರು ಬ್ರೌಸರ್ ತುಂಬಿಸ್ಕೊಂಡು ಕುಂತಿರ್ತಾರ, ಯಾವ್ದರಾಗ ಪಾಸ್‌ವರ್ಡ್ ಇಟ್ಟೀನಿ ಅನ್ನೋದ ನೆನಪಿರಂಗಿಲ್ಲ ಅವ್ರಿಗೆ. ಪ್ರತಿ ಸಲ ಫೋನಿನ್ಯಾಗ ಹೇಳಿ ಹೇಳಿ ಸಾಕಾಗೇತಿ, ಅದಕ್ಕ ಇಲ್ಲೆ ಬರದು ಇಡ್ತೀನಿ.

ಮದಲ ಒಂದು ವಿಷಯ. ಬ್ರೌಸರಿನ ಹೆಸರು ಹತ್ತು ಇರಬಹುದು, ಒಳಗ ಪೇಜ್ ಓದಿ ತೆರಿ ಮ್ಯಾಲ ತೋರ್ಸೋ ದೊಡ್ಡ ಎಂಜಿನ್ ಮಾತ್ರ ಮೂರ. ನಮ್ಮ ಪ್ಯಾಟ್ಯಾಗ ಹತ್ತು ಅಂಗಡ್ಯಾಗ ಗಿರಮಿಟ್ ಸಿಗ್ತೈತಿ ಆದ್ರ ಚುರಮರಿ ಬರೋದು ಒಂದ ಭಟ್ಟಿಯಿಂದ, ಹಂಗ. ಕ್ರೋಮ್, ಕ್ರೋಮಿಯಂ, ಬ್ರೇವ್, ವಿವಾಲ್ಡಿ, ಒಪೆರಾ, ಎಡ್ಜ್, ಇವೆಲ್ಲಾದರ ಚುರಮರಿ ಒಂದ, ಬ್ಲಿಂಕ್ ಅಂತ ಅದರ ಹೆಸರು. ಫೈರ್‌ಫಾಕ್ಸ್‌ದು ಬ್ಯಾರೆ, ಗೆಕ್ಕೋ. ಮೂರನೇದು ವೆಬ್‌ಕಿಟ್, ಲಿನಕ್ಸ್‌ದಾಗ ಅದು ಗ್ನೋಮ್ ವೆಬ್ ಅನ್ನೋ ಸಣ್ಣ ಬ್ರೌಸರ್‌ದಾಗ ಸಿಗ್ತೈತಿ. ಹಂಗಾಗಿ ಕ್ರೋಮ್‌ದಾಗ ಒಂದು ಸೈಟ್ ತ್ರಾಸ ಕೊಟ್ರ ಬ್ರೇವ್‌ದಾಗ ನೋಡಿದ್ರ ಅಷ್ಟೇನೂ ಫರಕ್ ಆಗಂಗಿಲ್ಲ, ಫೈರ್‌ಫಾಕ್ಸ್‌ದಾಗ ನೋಡಿದ್ರ ಆಗಬಹುದು. ಮಜಾ ಏನಂದ್ರ ಈ ಕ್ರೋಮ್ ಕ್ರೋಮ್ ಅಂತ ಬಡ್ಕೋತಾರಲ್ಲ, ಅದರ ಮುತ್ತಜ್ಜ ಹುಟ್ಟಿದ್ದು ಲಿನಕ್ಸ್ ಮನ್ಯಾಗ. ಲಿನಕ್ಸ್‌ಗೆ ಡೆಸ್ಕ್‌ಟಾಪ್ ಮಾಡೋ ಕೆಡಿಇ ಮಂದಿ ಕಾಂಕರರ್ ಬ್ರೌಸರಿಗೆ ಕೆಎಚ್‌ಟಿಎಂಎಲ್ ಅಂತ ಎಂಜಿನ್ ಮಾಡಿದ್ರು, ಅದನ್ನ ಆ್ಯಪಲ್‌ನವ್ರು ತಗೊಂಡು ವೆಬ್‌ಕಿಟ್ ಮಾಡಿ 2003ರಾಗ ಸಫಾರಿ ಬಿಟ್ರು, ಅದನ್ನ ಗೂಗಲ್‌ನವ್ರು ತಗೊಂಡು 2008ರಾಗ ಕ್ರೋಮ್ ಬಿಟ್ರು, 2013ರಾಗ ಒಡದು ಬ್ಯಾರೆ ಆಗಿ ಬ್ಲಿಂಕ್ ಅಂತ ಹೆಸರಿಟ್ಕೊಂಡ್ರು. ಅಣ್ಣತಮ್ಮರು ಹೊಲ ಪಾಲ ಮಾಡ್ಕೊಂಡಂಗ.

ಇನ್ನ ಯಾವ ಬ್ರೌಸರ್ ಅನ್ನೋಕಿಂತ ಅದನ್ನ ಎಲ್ಲಿಂದ ತಂದ್ರಿ ಅನ್ನೋದು ಲಿನಕ್ಸ್‌ದಾಗ ಭಾಳ ದೊಡ್ಡ ಮಾತು, ಇದನ್ನ ಯಾರೂ ಹೇಳಂಗಿಲ್ಲ. ಒಂದ ಫೈರ್‌ಫಾಕ್ಸ್ ಡೆಬ್ ಆಗಿ ಬರ್ತೈತಿ, ಸ್ನ್ಯಾಪ್ ಆಗಿ ಬರ್ತೈತಿ, ಫ್ಲಾಟ್‌ಪ್ಯಾಕ್ ಆಗಿನೂ ಬರ್ತೈತಿ, ಇವು ಲಿನಕ್ಸ್‌ದಾಗ ಸಾಫ್ಟ್‌ವೇರ್ ಕಟ್ಟಿ ಕೊಡೋ ಮೂರು ನಮೂನಿ. ಉಬುಂಟು ಅನ್ನೋ ಇನ್ನೊಂದು ಲಿನಕ್ಸ್‌ದಾಗ 22.04 ವರ್ಶನ್‌ದಿಂದ ಫೈರ್‌ಫಾಕ್ಸ್ ಸ್ನ್ಯಾಪ್ ಆಗೇ ಬರ್ತೈತಿ, ಅಲ್ಲೆ ಕ್ರೋಮಿಯಂ ಕೇಳಿದ್ರೂ ಸ್ನ್ಯಾಪ್ ಸಿಗ್ತೈತಿ. ಮಿಂಟ್‌ನವ್ರು 2020ರಾಗ ಸ್ನ್ಯಾಪ್ ಬ್ಯಾಡ ಅಂತ ಬಾಗಿಲಾ ಹಾಕಿದ್ರು, ಅಲ್ಲೆ ಎರಡೂ ಡೆಬ್. ಸ್ನ್ಯಾಪ್ ಅಂದ್ರ ಒಂದು ಒತ್ತಿ ಕಟ್ಟಿದ ಗಂಟು ಇದ್ದಂಗ, ಮಶೀನ್ ಚಾಲೂ ಮಾಡಿ ಮದಲನೇ ಸಲ ತಗದಾಗ ಗಂಟು ಬಿಚ್ಚಾಕ ಟೈಮ್ ಹಿಡಿತೈತಿ, ಎಸ್ಎಸ್‌ಡಿ ಇದ್ರ ಗೊತ್ತ ಆಗಂಗಿಲ್ಲ, ಹಳೇ ತಿರುಗೋ ಹಾರ್ಡ್‌ಡಿಸ್ಕ್ ಇದ್ರ ಚಾ ಕುಡದು ಬರಬಹುದು. ಸ್ನ್ಯಾಪ್ ಮತ್ತ ಫ್ಲಾಟ್‌ಪ್ಯಾಕ್ ಎರಡೂ ಬ್ರೌಸರಿನ ಸುತ್ತ ಬೇಲಿ ಹಾಕ್ತಾವ, ಸೇಫ್ಟಿಗೆ ಚಲೋನ ಅದು, ಆದ್ರ ಜಿಎಸ್‌ಟಿ ಫೈಲ್ ಮಾಡೋರು ಡಿಜಿಟಲ್ ಸಿಗ್ನೇಚರ್ ಯುಎಸ್‌ಬಿ ಟೋಕನ್ ಹಚ್ಚಿದ್ರ ಆ ಬೇಲಿ ದಾಟಿ ಬ್ರೌಸರಿಗೆ ಅದು ಕಾಣೋದು ತ್ರಾಸ. ಅಂಥವ್ರು ಡೆಬ್ ಹುಡುಕ್ರಿ. ಉಬುಂಟುದಾಗೂ ಡೆಬ್ ಫೈರ್‌ಫಾಕ್ಸ್ ಬೇಕಂದ್ರ ಮೊಜಿಲ್ಲಾದವ್ರು 2024ರಿಂದ ತಮ್ದ ರೆಪಾಸಿಟರಿ (ಸಾಫ್ಟ್‌ವೇರ್ ಉಗ್ರಾಣ) ಇಟ್ಟಾರ, ಅವರ ಸಪೋರ್ಟ್ ಪೇಜಿನ್ಯಾಗ ನಾಕೈದು ಸಾಲಿನ ಕಮಾಂಡ್ ಕೊಟ್ಟಾರ, ಕಾಪಿ ಮಾಡಿ ಟರ್ಮಿನಲ್ ಅನ್ನೋ ಕಮಾಂಡ್ ಕಿಟಕಿಯಾಗ ಹಾಕಿದ್ರ ಆತು. ಕ್ರೋಮ್ ಬೇಕಂದ್ರ ಗೂಗಲ್ ಸೈಟಿನಿಂದನ ಡೆಬ್ ಇಳಿಸ್ಕೋರಿ, ಒಮ್ಮೆ ಹಾಕಿದ್ರ ಅಪ್‌ಡೇಟ್ ಮ್ಯಾನೇಜರ್‌ದಾಗ ಅಪ್‌ಡೇಟ್ ತಾನ ಬರ್ತಿರ್ತೈತಿ. ಗುರುತಿಲ್ಲದ ಸೈಟಿನಿಂದ ಬ್ರೌಸರ್ ಇಳಿಸಬ್ಯಾಡ್ರಿ, ನಿಮ್ಮ ಬ್ಯಾಂಕಿನ ಪಾಸ್‌ವರ್ಡ್ ಟೈಪ್ ಮಾಡೋದು ಅದರಾಗ ಅಲ್ರಿ.

ಭಾಳ ಹಳೇ ಮಶೀನು, 32 ಬಿಟ್ ಇದ್ರ ಆಯ್ಕೆನ ಇಲ್ಲ. ಕ್ರೋಮ್ 32 ಬಿಟ್ ಲಿನಕ್ಸ್‌ಗೆ 2016ರಾಗ ನಿಂತೇತಿ, ಫೈರ್‌ಫಾಕ್ಸ್ 144ನೇ ವರ್ಶನ್‌ಗೆ ನಿಂತಿತು. ಅಂಥಾ ಮಶೀನ್ ಟೈಪಿಂಗ್‌ಗೆ ಇಟ್ಕೋರಿ, ನೆಟ್ ಬ್ಯಾಂಕಿಂಗ್ ಬ್ಯಾಡ.

ಈಗ ಅಸಲಿ ಕೆಲಸ, ಟೆಸ್ಟ್ ಮಾಡೋದು ಹೆಂಗ. ಎಲ್ಲಾರೂ ಕೇಳೋದು ಯಾವ್ದು ಹಗುರ ಐತಿ ಅಂತ. ಖರೇ ಹೇಳಬೇಕಂದ್ರ ದೊಡ್ಡ ಬ್ರೌಸರ್ ಯಾವ್ದೂ ಹಗುರ ಇಲ್ಲ, ಈಗ ಕ್ರೋಮ್ ಇರ್ಲಿ ಫೈರ್‌ಫಾಕ್ಸ್ ಇರ್ಲಿ ಒಂದೊಂದು ಸೈಟಿಗೆ ಒಂದೊಂದು ಪ್ರೊಸೆಸ್ ಬ್ಯಾರೆ ಮಾಡ್ತಾವ, ಒಂದು ಸೈಟ್ ಇನ್ನೊಂದರ ಡೇಟಾ ಕದಿಬಾರ್ದು ಅಂತ, ಅದರ ಖರ್ಚ ರ‍್ಯಾಮ್ ಮ್ಯಾಲ ಬೀಳ್ತೈತಿ. ಹಂಗಾಗಿ ಮಂದಿ ಬರದ ಚಾರ್ಟ್ ನೋಡಬ್ಯಾಡ್ರಿ, ನಿಮ್ಮ ಮಶೀನಿನ್ಯಾಗ ನಿಮ್ಮ ಸೈಟ್ ಹಾಕಿ ನೋಡ್ರಿ. ನಾ ಮಾಡೋದು ಹಿಂಗ. ಒಂದು ಹಾಳ್ಯಾಗ ನೀವು ದಿನಾ ನೋಡೋ ಆರು ಸೈಟ್ ಬರಕೋರಿ, ಮೇಲ್, ಯೂಟ್ಯೂಬ್, ವಾಟ್ಸಾಪ್ ವೆಬ್, ಒಂದು ಕನ್ನಡ ಪೇಪರ್, ನಿಮ್ಮ ಬ್ಯಾಂಕು, ಒಂದು ಸರ್ಕಾರಿ ಸೈಟು. ಮಶೀನ್ ರೀಸ್ಟಾರ್ಟ್ ಮಾಡ್ರಿ, ಇದನ್ನ ಬಿಡಬ್ಯಾಡ್ರಿ ಮತ್ತ, ಯಾಕಂದ್ರ ಒಮ್ಮೆ ತಗದು ಮುಚ್ಚಿದ ಬ್ರೌಸರ್ ಎರಡನೇ ಸಲ ಲಗೂನ ತೆರಿತೈತಿ, ಫೈಲ್ ಎಲ್ಲಾ ರ‍್ಯಾಮಿನ್ಯಾಗ ಇನ್ನೂ ಇರ್ತಾವ, ಅದನ್ನ ನೋಡಿ ಆಹಾ ಏನ್ ಸ್ಪೀಡ್ ಅಂತ ಮೋಸ ಹೋಗ್ತೀರಿ. ರೀಸ್ಟಾರ್ಟ್ ಆದಮ್ಯಾಲ ಒಂದ ಬ್ರೌಸರ್ ತಗೀರಿ, ಆರೂ ಸೈಟ್ ತಗೀರಿ, ಐದು ನಿಮಿಷ ಬಿಡ್ರಿ, ಆಮ್ಯಾಲ ಸಿಸ್ಟಮ್ ಮಾನಿಟರ್‌ದಾಗ ಮೆಮೊರಿ ಎಷ್ಟು ತಿಂದೈತಿ, ಸ್ವ್ಯಾಪ್ (ಮೆಮೊರಿ ಸಾಲದಾಗ ಡಿಸ್ಕಿನ್ಯಾಗ ಬಳಸೋ ಜಾಗ) ಎಷ್ಟು ಏರೇತಿ ನೋಡಿ ಬರಕೋರಿ. ಸ್ವ್ಯಾಪ್ ಏರಿತಂದ್ರ ಮಶೀನ್ ತೆವಳಾಕ ಶುರು ಮಾಡ್ತೈತಿ, ಅದ ನಿಮಗ ನಿಜವಾದ ನಂಬರ್. ಹಂಗ ಇನ್ನೊಂದು ಬ್ರೌಸರಿಗೂ ಮಾಡ್ರಿ. ಯಾವ ಟ್ಯಾಬ್ ಜೀವಾ ತಿನ್ನಾಕತ್ತೈತಿ ಅಂತ ನೋಡಾಕ ಕ್ರೋಮ್ ಜಾತಿಯವ್ರದಾಗ ಶಿಫ್ಟ್ ಎಸ್ಕೇಪ್ ಒತ್ರಿ, ಫೈರ್‌ಫಾಕ್ಸ್‌ದಾಗ ಅಡ್ರೆಸ್ ಬಾರಿನ್ಯಾಗ ಅಬೌಟ್ ಕೋಲನ್ ಪ್ರೊಸೆಸಸ್ ಅಂತ ಇಂಗ್ಲಿಷಿನ್ಯಾಗ ಹೊಡೀರಿ.

ನನ್ನ 4 ಜಿಬಿ ಮಶೀನಿನ್ಯಾಗ ಹಿಂಗ ಮಾಡಿ ನೋಡಿದಾಗ ಎರಡೂ ಜಾತಿ ನಡುವ ಫರಕ್ ನಾ ಅನ್ಕೊಂಡಷ್ಟು ಇರ್ಲಿಲ್ಲ, ಆದ್ರ ಆ್ಯಡ್ ಬ್ಲಾಕರ್ ಹಾಕಿದ ಬ್ರೌಸರಿಗೂ ಹಾಕದಿದ್ದ ಬ್ರೌಸರಿಗೂ ಫರಕ್ ಕಣ್ಣಿಗೆ ಹೊಡಿತಿತ್ತು, ಅದರಾಗೂ ಪೇಪರ್ ಸೈಟಿನ್ಯಾಗ. ಇಲ್ಲೆ ಫೈರ್‌ಫಾಕ್ಸ್ ಗೆಲ್ತೈತಿ ನೋಡ್ರಿ. ಯೂಬ್ಲಾಕ್ ಒರಿಜಿನ್ ಅನ್ನೋ ಆ್ಯಡ್ ತಡಿಯೋ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಹಚ್ಚೋ ಸಣ್ಣ ಪ್ರೋಗ್ರಾಮ್) ಪೂರ್ತಿ ತಾಕತ್ತಿನ್ಯಾಗ ಫೈರ್‌ಫಾಕ್ಸ್‌ದಾಗ ನಡಿತೈತಿ, ಕ್ರೋಮ್‌ದಾಗ ಹೊಸಾ ಎಕ್ಸ್‌ಟೆನ್ಶನ್ ನಿಯಮ ಬಂದು ಅದಕ್ಕ ಜಾಗ ಇಲ್ಲದಂಗ ಆತು, ಅಲ್ಲೆ ಈಗ ಸಿಗೋದು ಲೈಟ್ ಅನ್ನೋ ಸಣ್ಣದು, ಅದೂ ನಡಿತೈತಿ ಆದ್ರ ಅಷ್ಟು ಖಾರ ಇಲ್ಲ. ಬ್ರೇವ್‌ಗೆ ಎಕ್ಸ್‌ಟೆನ್ಶನ್ ಬೇಕ ಇಲ್ಲ, ಬ್ಲಾಕರ್ ಒಳಗ ಇಟ್ಟ ಕೊಟ್ಟಾರ, ಏನೂ ಸೆಟ್ಟಿಂಗ್ ಮಾಡಾಕ ಒಲ್ಲೆ ಅನ್ನೋರಿಗೆ ನಾ ಅದನ್ನ ಹಾಕಿ ಕೊಡ್ತೀನಿ, ಅದರಾಗಿನ ಕ್ರಿಪ್ಟೋ ವಾಲೆಟ್ ಬಟನ್ ಮಾತ್ರ ಮರೆಮಾಡಿ ಕೊಡ್ತೀನಿ, ಇಲ್ಲಂದ್ರ ಅದೇನು ಇದೇನು ಅಂತ ಮತ್ತ ಫೋನ್ ಬರ್ತಾವ.

ಯೂಟ್ಯೂಬ್ ತಡವರಿಸಿದ್ರ ಬ್ರೌಸರಿಗೆ ಬೈಬ್ಯಾಡ್ರಿ ತಡೀರಿ. ಯೂಟ್ಯೂಬ್ ಕಳಸೋದು ವಿಪಿ9, ಎವಿ1 ಅನ್ನೋ ಹೊಸಾ ನಮೂನಿ ವಿಡಿಯೋ, ಹತ್ತು ಹನ್ನೆರಡು ವರ್ಷದ ಹಳೇ ಗ್ರಾಫಿಕ್ಸ್ ಚಿಪ್‌ಗೆ ಅದು ಬರಂಗಿಲ್ಲ, ಅದಕ್ಕ ಗೊತ್ತಿರೋದು ಎಚ್264, ಹಂಗಾಗಿ ಎಲ್ಲಾ ಭಾರ ಪ್ರೊಸೆಸರ್ ಮ್ಯಾಲ ಬಿದ್ದು ಫ್ಯಾನ್ ಗಿರಣಿ ಹಂಗ ಗುಂಯ್ ಅಂತೈತಿ. ಎಚ್264ಐಫೈ ಅಂತ ಒಂದು ಎಕ್ಸ್‌ಟೆನ್ಶನ್ ಐತಿ, ಹಾಕ್ರಿ, ಹಳೇ ನಮೂನಿ ವಿಡಿಯೋನ ಕೊಡು ಅಂತ ಅದು ಯೂಟ್ಯೂಬ್‌ಗೆ ಹೇಳ್ತೈತಿ. ಇಂಟೆಲ್ ಗ್ರಾಫಿಕ್ಸ್ ಇದ್ರ ಫೈರ್‌ಫಾಕ್ಸ್ 115ರಿಂದ ಹಾರ್ಡ್‌ವೇರ್ ಡಿಕೋಡಿಂಗ್, ಅಂದ್ರ ವಿಡಿಯೋ ಬಿಚ್ಚೋ ಕೆಲಸ ಗ್ರಾಫಿಕ್ಸ್ ಚಿಪ್ ಮಾಡೋದು, ತಾನ ಚಾಲೂ ಇರ್ತೈತಿ. ಓಟಿಟಿ ಸಿನಿಮಾ ನೋಡೋರಿಗೆ ಇನ್ನೊಂದು ಮಾತು, ಅದಕ್ಕ ವೈಡ್‌ವೈನ್ ಅನ್ನೋ ಬೀಗದಕೈ ಬೇಕು, ಕ್ರೋಮ್‌ದಾಗ ಇದ್ದ ಇರ್ತೈತಿ, ಫೈರ್‌ಫಾಕ್ಸ್‌ದಾಗ ಸೆಟ್ಟಿಂಗ್ಸ್ ಒಳಗ ಡಿಆರ್‌ಎಂ ಅಂತ ಒಂದು ಟಿಕ್ ಹಾಕ್ಬೇಕು, ಬರೇ ಕ್ರೋಮಿಯಂದಾಗ ಬರಂಗಿಲ್ಲ. ಕ್ರೋಮಿಯಂದಾಗ ಗೂಗಲ್ ಸಿಂಕ್ ಕೂಡ 2021ರಾಗ ಬಂದ್ ಆತು, ಹಂಗಾಗಿ ಫೋನಿನ್ಯಾಗಿನ ಬುಕ್‌ಮಾರ್ಕ್ ಇಲ್ಲೆ ಬರ್ಲಿ ಅನ್ನೋರು ಕ್ರೋಮಿಯಂ ಬಿಟ್ಟು ಕ್ರೋಮ್ ಇಟ್ಕೋರಿ, ಇಲ್ಲಾ ಫೋನಿನ್ಯಾಗೂ ಫೈರ್‌ಫಾಕ್ಸ್ ಹಾಕ್ರಿ.

ಕನ್ನಡದ ವಿಷಯಕ್ಕ ಬರ್ತೀನಿ, ನನಗ ಇದ ಮುಖ್ಯ. ಗದಗದಾಗ ನನ್ನ ಗೆಳೆಯಂದು ಪ್ರಿಂಟಿಂಗ್ ಪ್ರೆಸ್ ಐತಿ, ಅಂವ ಲಿನಕ್ಸ್ ಹಾಕಿದ ದಿನಾನ ಫೋನ್ ಮಾಡಿ, ಲೇ ಕನ್ನಡ ಎಲ್ಲಾ ಡಬ್ಬಿ ಡಬ್ಬಿ ಕಾಣಾಕತ್ತೈತಿ, ಈ ಬ್ರೌಸರ್ ತಗದು ಒಗಿ ಅಂದ. ಡಬ್ಬಿ ಕಂಡ್ರ ಅದು ಬ್ರೌಸರಿನ ತಪ್ಪಲ್ರಿ, ಫಾಂಟ್ ಇಲ್ಲ ಅಂತ ಅರ್ಥ. ಸಾಫ್ಟ್‌ವೇರ್ ಮ್ಯಾನೇಜರ್‌ದಾಗ ನೋಟೋ ಇಲ್ಲಾ ಲೋಹಿತ್ ಕನ್ನಡ ಹಾಕ್ರಿ, ಗುಬ್ಬಿ, ನವಿಲು ಅಂತನೂ ಅದಾವ, ನನಗ ಗುಬ್ಬಿ ಸೇರ್ತೈತಿ. ಹಾಕಿದಮ್ಯಾಲ ಬ್ರೌಸರ್ ಮುಚ್ಚಿ ಹೊಳ್ಳಿ ತಗೀರಿ. ಒತ್ತಕ್ಷರ ಜೋಡ್ಸೋ ಕೆಲಸ ಈಗ ಫೈರ್‌ಫಾಕ್ಸ್‌ದಾಗೂ ಕ್ರೋಮ್‌ದಾಗೂ ಹಾರ್ಫ್‌ಬಝ್ ಅನ್ನೋ ಒಂದ ಲೈಬ್ರರಿ ಮಾಡ್ತೈತಿ, ಅದರಾಗ ಹೆಚ್ಚು ಕಡಿಮಿ ಇಲ್ಲ. ಫರಕ್ ಇರೋದು ಫಾಂಟ್ ಆರಿಸ್ಕೊಳ್ಳೋದ್ರಾಗ. ಫೈರ್‌ಫಾಕ್ಸ್ ಸೆಟ್ಟಿಂಗ್ಸ್‌ದಾಗ ಫಾಂಟ್ಸ್, ಅಡ್ವಾನ್ಸ್‌ಡ್ ಅಂತ ಹೋದ್ರ ಭಾಷೆ ಪಟ್ಟಿಯೊಳಗ ಕನ್ನಡ ಅಂತನ ಬ್ಯಾರೆ ಸಿಗ್ತೈತಿ, ಕನ್ನಡಕ್ಕ ಒಂದು ಫಾಂಟು, ಇಂಗ್ಲಿಷಿಗೆ ಒಂದು, ಸೈಜೂ ಬ್ಯಾರೆ ಬ್ಯಾರೆ ಇಟ್ಕೋಬಹುದು, ಕಣ್ಣಿಗೆ ಎಷ್ಟು ಆರಾಮ ಆಗ್ತೈತಿ ಗೊತ್ತೇನ್ರಿ. ಕ್ರೋಮ್‌ದಾಗ ಎಲ್ಲಾಕ್ಕೂ ಸೇರಿ ಒಂದ. ಇನ್ನ ಹಳೇ ನುಡಿ ಫಾಂಟಿನ್ಯಾಗ ಮಾಡಿದ ಪೇಜ್ ಇಂಗ್ಲಿಷ್ ಅಕ್ಷರದ ಚಿತ್ರಾನ್ನ ಕಂಡ್ರ ಅದು ಎಲ್ಲಾ ಮಶೀನಿಗೂ ತಿಳಿಯೋ ಯುನಿಕೋಡ್ ಅಕ್ಷರ ಅಲ್ಲ, ಅದಕ್ಕ ಕನ್ವರ್ಟರ್ ಬೇಕು, ಗೆಳೆಯಂಗ ಇದನ್ನ ತಿಳಿಸಿ ಹೇಳಾಕ ಒಂದು ಸಂಜಿ ಹೋತು.

ಟೈಪಿಂಗೂ ನೋಡ್ರಿ. ಕೀಬೋರ್ಡ್ ಸೆಟ್ಟಿಂಗಿನ್ಯಾಗ ಕನ್ನಡ ಕಗಪ ಲೇಔಟ್ ಸೇರಿಸಿ, ಪ್ರತಿ ಬ್ರೌಸರ್‌ದಾಗ ಅಡ್ರೆಸ್ ಬಾರಿನ್ಯಾಗೂ ಇಮೇಲ್ ಬರ್ಯೋ ಡಬ್ಬ್ಯಾಗೂ ಸೂರ್ಯ, ಜ್ಞಾನ, ಕ್ಷೇತ್ರ ಅಂತ ಟೈಪ್ ಮಾಡ್ರಿ. ಎಲ್ಲೆರ ಒತ್ತು ಹಾರಿದ್ರ, ಅಕ್ಷರ ಎರಡ ಸಲ ಬಿದ್ರ, ಆ ಬ್ರೌಸರ್ ನಿಮಗಲ್ಲ.

ಯಾರಿಗೆ ಯಾವ್ದು ಹಾಕಿ ಕೊಟ್ಟೀನಿ ಹೇಳ್ತೀನಿ. ಧಾರವಾಡ ಸಪ್ತಾಪುರದಾಗ ರೂಮ್ ಮಾಡ್ಕೊಂಡು ಕೆಎಎಸ್‌ಗೆ ಓದೋ ನಮ್ಮ ಅಕ್ಕನ ಮಗಳಿಗೆ ಒಮ್ಮೆಗೇ ನಲವತ್ತು ಟ್ಯಾಬ್ ಬೇಕು, ಆಕಿಗೆ ವಿವಾಲ್ಡಿ ಹಾಕಿದ್ನಿ, ಟ್ಯಾಬ್ ಮ್ಯಾಲ ಟ್ಯಾಬ್ ಪೇರಿಸಿ ಇಡಬಹುದು, ಬಗಲಿಗೆ ನೋಟ್ಸ್ ಬರ್ಕೋಬಹುದು, ಸೆಟ್ಟಿಂಗ್ಸ್ ನೋಡಿದ್ರ ನನಗ ತಲಿ ತಿರಗ್ತೈತಿ ಆದ್ರ ಆಕಿ ಖುಷಿ ಅದಾಳ. ಬ್ಯಾಡಗಿಯೊಳಗ ಮೆಣಸಿನಕಾಯಿ ವ್ಯಾಪಾರ ಮಾಡೋ ಮಾವಗ ರೇಟು, ಬ್ಯಾಂಕು, ವಾಟ್ಸಾಪ್ ಮೂರ ಸಾಕು, ಅವ್ರಿಗೆ ಫೈರ್‌ಫಾಕ್ಸ್, ಮೂರೂ ಟ್ಯಾಬ್ ಪಿನ್ ಮಾಡಿ ಅಕ್ಷರ ದೊಡ್ಡದ ಮಾಡಿ ಕೊಟ್ಟೀನಿ. ಫಾಲ್ಕನ್, ಗ್ನೋಮ್ ವೆಬ್ ಅಂಥಾ ಸಣ್ಣವನ್ನ ನಾನೂ ಹೌಸಿಲೆ ನೋಡಿದ್ನಿ, ಓದಾಕ ಚಲೋ ಅದಾವ, ಎಕ್ಸ್‌ಟೆನ್ಶನ್ ಬೇಕಂದ್ರ ಅಲ್ಲೆ ಕೈ ಕಟ್ಟಿ ಹಾಕಿದಂಗ, ದಿನದ ಕೆಲಸಕ್ಕ ನಾ ಯಾರಿಗೂ ಹೇಳಂಗಿಲ್ಲ.

ಇಷ್ಟದ್ದು ಒಂದ ಇರ್ಲಿ, ಆದ್ರ ಮಶೀನಿನ್ಯಾಗ ಇನ್ನೊಂದು ಜಾತಿದು ಒಂದು ಸ್ಟೆಪ್ನಿ ಇರಬೇಕು. ನನ್ನ ಬ್ಯಾಂಕಿನ ಸೈಟ್ ಒಮ್ಮೆ ಫೈರ್‌ಫಾಕ್ಸ್‌ದಾಗ ಒಟಿಪಿ ಹಾಕೋ ಬಟನ್ನ ತೋರಿಸ್ಲಿಲ್ಲ, ಅರ್ಧಾ ತಾಸು ಒದ್ದಾಡಿದ್ನಿ, ಕ್ರೋಮಿಯಂ ತಗದ್ರ ಒಂದ ನಿಮಿಷದ ಕೆಲಸ. ಆವತ್ತಿಂದ ಕ್ರೋಮಿಯಂ ಬ್ಯಾಂಕಿಗೆ ಮಾತ್ರ ತಗೀತೀನಿ, ಎಕ್ಸ್‌ಟೆನ್ಶನ್ ಒಂದೂ ಹಾಕಿಲ್ಲ ಅದರಾಗ. ಕ್ರೋಮ್ ಜಾತಿದು ಮದಲ ಸಲ ತಗದಾಗ ಕೀರಿಂಗ್ (ಪಾಸ್‌ವರ್ಡ್ ಇಡೋ ಪೆಟ್ಟಿಗಿ) ಪಾಸ್‌ವರ್ಡ್ ಕೇಳಿದ್ರ ಅಂಜಬ್ಯಾಡ್ರಿ, ಪಾಸ್‌ವರ್ಡ್ ಇಲ್ಲದ ತಾನ ಲಾಗಿನ್ ಆಗೋ ಹಂಗ ಮಶೀನ್ ಇಟ್ಟಿರ್ತೀರಿ, ಹಂಗಾಗಿ ಕೀಲಿ ತೆರದಿರಂಗಿಲ್ಲ. ಆಟೋ ಲಾಗಿನ್ ಬಂದ್ ಮಾಡ್ರಿ, ಹೋಗ್ತೈತಿ. ಯಾವ್ದು ಪಸಂದ ಬಂತೋ ಅದನ್ನ ಮಿಂಟ್‌ದಾಗ ಪ್ರಿಫರ್ಡ್ ಅಪ್ಲಿಕೇಶನ್ಸ್, ಉಬುಂಟುದಾಗ ಸೆಟ್ಟಿಂಗ್ಸ್ ಒಳಗ ಡಿಫಾಲ್ಟ್ ಆ್ಯಪ್ಸ್, ಅಲ್ಲೆ ವೆಬ್ ಅನ್ನೋ ಸಾಲಿನ್ಯಾಗ ಇಟ್ಟುಬಿಡ್ರಿ, ಇಮೇಲಿನ್ಯಾಗಿನ ಲಿಂಕ್ ಒತ್ತಿದ್ರ ಅದರಾಗ ತೆರಿತೈತಿ.

ಸೋತ ಬ್ರೌಸರ್ ತಗದು ಹಾಕೋಕಿಂತ ಮದಲ ಬುಕ್‌ಮಾರ್ಕ್ ಎಕ್ಸ್‌ಪೋರ್ಟ್ ಮಾಡ್ಕೋರಿ. ಸ್ನ್ಯಾಪ್ ಫೈರ್‌ಫಾಕ್ಸ್ ತನ್ನ ಡೇಟಾ ಎಲ್ಲಾ ಹೋಮ್ ಫೋಲ್ಡರಿನ್ಯಾಗ ಸ್ನ್ಯಾಪ್ ಅನ್ನೋ ಫೋಲ್ಡರ್ ಒಳಗ ಇಡ್ತೈತಿ, ಡೆಬ್ ಫೈರ್‌ಫಾಕ್ಸ್ ಅಲ್ಲೆ ನೋಡಂಗೇ ಇಲ್ಲ, ಹಂಗಾಗಿ ಒಂದರಿಂದ ಇನ್ನೊಂದಕ್ಕ ಹೋದ್ರ ಎಲ್ಲಾ ಖಾಲಿ ಕಾಣ್ತೈತಿ. ನಾ ಅವಸರ ಮಾಡಿ ಆ ಫೋಲ್ಡರ್ ಡಿಲೀಟ್ ಮಾಡಿಬಿಟ್ಟಿದ್ನಿ, ಆರು ವರ್ಷದ ಬುಕ್‌ಮಾರ್ಕ್ ಹೋದ್ವು, ಅದರಾಗ ನಮ್ಮಾಕಿ ಕೂಡಿಸಿಟ್ಟ ಅಡಗಿ ಪೇಜ್ ಮುನ್ನೂರ ಇದ್ವು, ಇವತ್ತಿಗೂ ಹಬ್ಬ ಬಂದ್ರ ಆ ಮಾತು ತಗೀತಾಳ.