ರೋಗದ ಆ್ಯಂಟಿಬಾಡಿಗೆ ಅಂಟೋ ಪೆಪ್ಟೈಡ್ ಹುಡುಕೋದು ಹೇಗೆ? ತೊಳೀಬೇಕು, ಅಷ್ಟೇ

1802ರಲ್ಲಿ ಜಾನ್ ವಾರನ್ ಅನ್ನೋ ಲೆಫ್ಟಿನೆಂಟ್ ನಮ್ ಕೋಲಾರದ ಕಡೆ ಬಂದಾಗ ಉರಿಗಾಂ ಊರಿನವ್ರು ಗಾಡೀಲಿ ಮಣ್ಣು ತಂದು ಅವ್ನ ಕಣ್ಮುಂದೇನೇ ತೊಳ್ದು ಚಿನ್ನದ ಕಣ ತೋರಿಸಿದ್ರಂತೆ, ರೋಗ ಬಂದಾಗ ದೇಹ ಮಾಡ್ಕೊಳ್ಳೋ ಆ್ಯಂಟಿಬಾಡಿಗೆ ಅಂಟೋ ಪೆಪ್ಟೈಡ್ (ಅಮೈನೋ ಆಸಿಡ್ಡುಗಳ ಸಣ್ಣ ಸರಪಳಿ) ಹುಡುಕೋಕೆ ಫೇಜ್ ಡಿಸ್‌ಪ್ಲೇ ಅನ್ನೋ ವಿಧಾನದಲ್ಲಿ ಮಾಡೋದೂ ಅದೇ, ಮಣ್ಣು ತೊಳ್ದು ಚಿನ್ನ ಹುಡುಕೋದಕ್ಕೆ ಪ್ಯಾನಿಂಗ್ ಅಂತಾರಲ್ಲ, ಅದಕ್ಕೇ ಇದನ್ನ ಬಯೋಪ್ಯಾನಿಂಗ್ ಅಂತಾರೆ.

ಇಲ್ಲಿ ಮಣ್ಣು ಅಂದ್ರೆ ಲೈಬ್ರರಿ, ಬೇರೆ ಬೇರೆ ಪೆಪ್ಟೈಡ್ ಹೊತ್ತ ಫೇಜುಗಳ ರಾಶಿ. ಎಂ13 ಅನ್ನೋ ಫೇಜು, ಬ್ಯಾಕ್ಟೀರಿಯಾಗೆ ಹತ್ತೋ ವೈರಸ್ಸು, ಅದರ ತುದಿಯ ಪ್ರೋಟೀನ್ ಜೀನಿಗೆ ಬೇರೆ ಡಿಎನ್‌ಎ ತುಂಡು ಸೇರಿಸಿದ್ರೆ ಆ ಪೆಪ್ಟೈಡ್ ಹೊರಗಡೆ ಕಾಣುತ್ತೆ, ಒಳಗೆ ಅದರ ಕೋಡೂ ಇರುತ್ತೆ. 1985ರಲ್ಲಿ ಜಾರ್ಜ್ ಸ್ಮಿತ್ ಮಾಡಿ ತೋರಿಸಿದ್ದು, 2018ರಲ್ಲಿ ನೊಬೆಲ್ ಬಂತು. 7 ಅಮೈನೋ ಆಸಿಡ್ಡಿನ ಪೆಪ್ಟೈಡ್ ಅಂದ್ರೆ 128 ಕೋಟಿ ಥರ ಆಗ್ಬಹುದು!

ಮೊದ್ಲು ಆರೋಗ್ಯವಾಗಿರೋರ ಆ್ಯಂಟಿಬಾಡಿ ಮೇಲೆ ಲೈಬ್ರರಿ ಹಾಕಿ, ಅಂಟಿದ್ದನ್ನ ಬಿಟ್ಟು ಉಳಿದಿದ್ದನ್ನ ಮಾತ್ರ ತಗೊಳ್ಳಿ. ಆಮೇಲೆ ರೋಗಿಯ ಆ್ಯಂಟಿಬಾಡೀನ ಪ್ಲಾಸ್ಟಿಕ್ ಪ್ಲೇಟಿನ ಗುಂಡಿಗೆ ಹಚ್ಚಿ, 4 ಡಿಗ್ರೀಲಿ ರಾತ್ರಿಯೆಲ್ಲಾ ಇಟ್ಟು, ಖಾಲಿ ಜಾಗ ಬಿಎಸ್‌ಎ ಅನ್ನೋ ಹಸುವಿನ ರಕ್ತದ ಪ್ರೋಟೀನಿಂದ ಮುಚ್ಚಿ, ಉಳಿಸ್ಕೊಂಡ ಫೇಜ್ ಹಾಕಿ ಒಂದ್ಗಂಟೆ ಅಲುಗಾಡಿಸಿ.

ಈಗ ತೊಳೆಯೋದು. ಟ್ವೀನ್-20 ಸೋಪು ಮೊದಲ ರೌಂಡಲ್ಲಿ 0.1%, ಮುಂದಕ್ಕೆ 0.5%, ಹತ್ಹತ್ತು ಸಲ. ಕೈ ನೋವು ಅಂತ ಐದಕ್ಕೇ ನಿಲ್ಲಿಸಿದ್ರೆ ಕೆಟ್ರಿ. ನಾನು ಎಂಎಸ್ಸಿ ಪ್ರಾಜೆಕ್ಟಲ್ಲಿ ಆರೋಗ್ಯವಂತರ ಸ್ಟೆಪ್ಪೇ ಹಾರಿಸ್ಬಿಟ್ಟು ತೊಳೆಯೋದ್ರಲ್ಲೂ ಆತುರ ಮಾಡಿದ್ದೆ, ಕೊನೆಗೆ ಒಂದು ಪೆಪ್ಟೈಡ್ ಮತ್ತೆ ಮತ್ತೆ ಬಂತು ಅಂತ ಕುಣಿದಾಡಿ ಸ್ವೀಟ್ ಹಂಚಿದ್ಮೇಲೆ ಗೊತ್ತಾಗಿದ್ದು, ಅದು ಟ್ರಿಪ್ಟೊಫಾನ್ ತುಂಬಿದ ಸೀಕ್ವೆನ್ಸು, ಆ್ಯಂಟಿಬಾಡಿಗಲ್ಲ, ಬರೀ ಪ್ಲಾಸ್ಟಿಕ್ಕಿಗೆ ಅಂಟ್ಕೊಂಡಿತ್ತು. ಅದಕ್ಕೇ ಆ್ಯಂಟಿಬಾಡಿ ಇಲ್ಲದ ಖಾಲಿ ಗುಂಡೀಲೂ ಜೊತೆಜೊತೆಗೇ ನೋಡ್ತಾ ಇರಿ.

ಉಳಿದಿದ್ದನ್ನ ಪಿಎಚ್ 2.2 ಗ್ಲೈಸಿನ್ ಹಾಕಿ ಬಿಡಿಸ್ಬೇಕು, 10 ನಿಮಿಷ ಸಾಕು, ತಕ್ಷಣ ಟ್ರಿಸ್ ಅನ್ನೋ ಬಫರ್ ಹಾಕಿ ಆಸಿಡ್ ತಣಿಸಿ. ಇ. ಕೊಲಿ ಬ್ಯಾಕ್ಟೀರಿಯಾದಲ್ಲಿ ನಾಲ್ಕೂವರೆ ಗಂಟೆ ಬೆಳೆಸಿ, ಮತ್ತೆ ಅದೇ ಸುತ್ತು. ಮೂರು ರೌಂಡ್ ಸಾಮಾನ್ಯ. ಜಾಸ್ತಿ ಮಾಡಿದ್ರೆ ಚೆನ್ನಾಗಿ ಅಂಟೋದಲ್ಲ, ಬೇಗ ಬೆಳೆಯೋದೇ ಗೆಲ್ಲುತ್ತೆ, ಹುಷಾರು.

ಇಪ್ಪತ್ತು ಪ್ಲಾಕ್ (ಬ್ಯಾಕ್ಟೀರಿಯಾ ಪದರದಲ್ಲಿ ಒಂದೊಂದು ಫೇಜ್ ಬೆಳೆದು ಮಾಡೋ ಚುಕ್ಕೆ) ಆರಿಸಿ ಸೀಕ್ವೆನ್ಸಿಂಗಿಗೆ ಕಳ್ಸಿ. ಒಂದೇ ಮಾದರಿ ಪದೇಪದೇ ಬಂದ್ರೆ ಎಲೈಸಾ (ಅಂಟಿದ್ರೆ ಬಣ್ಣ ಬರೋ ಪರೀಕ್ಷೆ) ಮಾಡಿ, ಪ್ಯಾನಿಂಗಿಗೆ ಬಳಸದೇ ಇರೋ ಬೇರೆ ರೋಗಿಗಳ ಸೀರಮ್ಮಲ್ಲೂ ಬಣ್ಣ ಬಂದು ಆರೋಗ್ಯವಂತರದ್ರಲ್ಲಿ ಬರದಿದ್ರೆ ಆ ಪೆಪ್ಟೈಡನ್ನ ಬಿಡಿಯಾಗಿ ಮಾಡಿಸಿ, ಫೇಜಿನ ಆಸರೆ ಇಲ್ದೆ ಅಂಟುತ್ತಾ ನೋಡಿ. ಕೆಲವು ಅಂಟಲ್ಲ.