ಕ್ರಾಬಿಯ ದ್ವೀಪಗಳಿಗೆ ಊಟಸಹಿತ ಒಂದು ದಿನದ ದೋಣಿ ಪ್ರವಾಸ: ಚಿಕ್ಕಬಳ್ಳಾಪುರ, ಕೋಲಾರದಿಂದ ಹೊರಡುವವರಿಗೆ

ಪಿನಾಕಿನಿ, ಅರ್ಕಾವತಿ, ಚಿತ್ರಾವತಿಗಳೆಲ್ಲ ನಂದಿ ಬೆಟ್ಟದ ಆಸುಪಾಸಿನಲ್ಲೇ ಹುಟ್ಟಿದರೂ, ಚಿಕ್ಕಬಳ್ಳಾಪುರ ಮತ್ತು ಕೋಲಾರ ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ದೋಣಿಯ ಅನುಭವವೆಂದರೆ ನಮ್ಮಲ್ಲಿ ಬಹುಮಂದಿಗೆ ಯಾವುದೋ ಕೆರೆಯಲ್ಲಿ ತುಳಿದ ಪೆಡಲ್ ದೋಣಿ. ಆದರೆ ದೇವನಹಳ್ಳಿಯ ವಿಮಾನ ನಿಲ್ದಾಣ ಚಿಕ್ಕಬಳ್ಳಾಪುರದಿಂದ ಮುಕ್ಕಾಲು ಗಂಟೆಯೊಳಗಿನ ದಾರಿ. ಅಲ್ಲಿಂದ ನೇರ ವಿಮಾನ ಸಿಕ್ಕರೆ ಥಾಯ್ಲೆಂಡಿನ ಫುಕೆಟ್ ಅಥವಾ ಕ್ರಾಬಿ ಸುಮಾರು ನಾಲ್ಕು ಗಂಟೆಯ ಪ್ರಯಾಣ. ಹೀಗಾಗಿ ಸಮುದ್ರವನ್ನು ಕಂಡು ಬೆಳೆಯದ ಕುಟುಂಬಗಳೂ ಈಗ ಅಲ್ಲಿನ ದ್ವೀಪಗಳ ಪ್ರವಾಸಕ್ಕೆ ಹೊರಡುತ್ತಿವೆ. ಬೆಳಗ್ಗೆ ಹೊರಟು ನಾಲ್ಕೈದು ಕಡೆ ಇಳಿದು, ಮಧ್ಯೆ ಊಟ ಮಾಡಿ, ಸಂಜೆಗೆ ದಡ ಸೇರುವ ಈ ಪ್ರವಾಸವನ್ನು ಮಾರುವವರು ದ್ವೀಪಗಳ ಸಂಖ್ಯೆಯನ್ನೇ ದೊಡ್ಡ ಅಕ್ಷರಗಳಲ್ಲಿ ಬರೆದಿರುತ್ತಾರೆ. ದಿನ ಚೆನ್ನಾಗಿರುತ್ತದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಮಾತ್ರ ತಿಂಗಳು, ಉಬ್ಬರವಿಳಿತ ಮತ್ತು ದೋಣಿಯ ಬಗೆ. ಈ ಮೂರನ್ನೂ ಊರಿನಲ್ಲಿರುವಾಗಲೇ ಯೋಚಿಸಬೇಕು.

ಮೊದಲನೆಯದು ತಿಂಗಳು. ಕ್ರಾಬಿ, ಫುಕೆಟ್, ಫಿಫಿ ದ್ವೀಪಗಳೆಲ್ಲ ಅಂಡಮಾನ್ ಸಮುದ್ರದ ಕಡೆಗಿವೆ. ನಮ್ಮ ಕರಾವಳಿಯಂತೆ ಅವೂ ನೈರುತ್ಯ ಮಾರುತಕ್ಕೆ ಎದೆಯೊಡ್ಡಿಕೊಂಡಿವೆ. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಅಲ್ಲಿ ಗಾಳಿ, ಮಳೆ, ಎತ್ತರದ ಅಲೆಗಳ ಕಾಲ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ನೀರು ಶಾಂತವಾಗಿರುತ್ತದೆ. ನಮ್ಮ ಶಾಲೆಗಳ ರಜೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಲೆಕ್ಕ ಸ್ಪಷ್ಟವಾಗುತ್ತದೆ. ದಸರಾ ರಜೆ ಮಳೆಗಾಲದ ಬಾಲಕ್ಕೆ ಸಿಕ್ಕಿಕೊಳ್ಳುತ್ತದೆ. ಬೇಸಿಗೆ ರಜೆಯಲ್ಲಿ ಏಪ್ರಿಲ್ ಒಳ್ಳೆಯದು, ಮೇ ಅನುಮಾನದ್ದು. ಏಪ್ರಿಲ್ 13ರಿಂದ 15ರವರೆಗೆ ಸೊಂಗ್‌ಕ್ರಾನ್ ಎಂಬ ಅವರ ಹೊಸವರ್ಷದ ಹಬ್ಬವಿದ್ದು, ಜನಸಂದಣಿ ಹೆಚ್ಚಿರುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ ಸಂಕ್ರಾಂತಿ ಕಳೆದ ಮೇಲಿನಿಂದ ಶಿವರಾತ್ರಿಯವರೆಗಿನ ಅವಧಿಯೇ ಶ್ರೇಷ್ಠ. ಮಕ್ಕಳ ಪರೀಕ್ಷೆ ಅಡ್ಡ ಬರುತ್ತದೆ ಎಂಬುದು ಬೇರೆ ಮಾತು.

ಮಳೆಗಾಲದಲ್ಲಿ ದರ ಇಳಿದಿರುತ್ತದೆ ಎಂದು ಹೊರಡುವವರು ಒಂದು ಘಟನೆಯನ್ನು ತಿಳಿದಿರಬೇಕು. 2018ರ ಜುಲೈ 5ರಂದು ಫುಕೆಟ್ ಬಳಿ ಬಿರುಗಾಳಿಗೆ ಸಿಲುಕಿ ‘ಫೀನಿಕ್ಸ್’ ಎಂಬ ಪ್ರವಾಸಿ ದೋಣಿ ಮುಳುಗಿ 47 ಮಂದಿ ಸತ್ತರು. ಹವಾಮಾನದ ಎಚ್ಚರಿಕೆ ಮೊದಲೇ ಹೊರಬಿದ್ದಿತ್ತು. ಆದ್ದರಿಂದ ಬಂದರಿನಲ್ಲಿ ಎಚ್ಚರಿಕೆ ಜಾರಿಯಲ್ಲಿರುವ ದಿನ, ದೋಣಿಯವನು ಧೈರ್ಯ ಹೇಳಿದರೂ ಹತ್ತಬಾರದು.

ಎರಡನೆಯದು ಉಬ್ಬರವಿಳಿತ. ಇದನ್ನು ಅರಿಯಲು ಮನೆಯ ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರೇ ಅರ್ಧ ಕೆಲಸ ಮಾಡುತ್ತದೆ. ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ಸೂರ್ಯಚಂದ್ರರ ಸೆಳೆತ ಒಂದುಗೂಡುವುದರಿಂದ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಸಪ್ತಮಿ, ಅಷ್ಟಮಿಯ ಸುಮಾರಿಗೆ ಏರಿಳಿತ ಕಡಿಮೆ. ಕ್ರಾಬಿಯ ಪ್ರಸಿದ್ಧವಾದ ‘ನಾಲ್ಕು ದ್ವೀಪ’ಗಳ ಪ್ರವಾಸದಲ್ಲಿ ಇದರ ಮಹತ್ವ ದೊಡ್ಡದು. ಅಲ್ಲಿ ಕೊ ಟುಪ್, ಕೊ ಮೊರ್ ಮತ್ತು ಕೋಳಿಯ ತಲೆಯಂಥ ಬಂಡೆಯಿರುವುದರಿಂದ ಚಿಕನ್ ಐಲ್ಯಾಂಡ್ ಎನಿಸಿಕೊಂಡಿರುವ ದ್ವೀಪಗಳ ನಡುವೆ ತಾಲೆ ವೆಕ್ ಎಂಬ ಮರಳಿನ ದಾರಿಯಿದೆ. ನೀರು ಇಳಿದಾಗ ಅದು ಮೇಲೆ ಬರುತ್ತದೆ, ಒಂದು ದ್ವೀಪದಿಂದ ಇನ್ನೊಂದಕ್ಕೆ ಕಾಲು ನೆನೆಸಿಕೊಂಡೇ ನಡೆದು ಹೋಗಬಹುದು. ಉಬ್ಬರದ ಹೊತ್ತಿನಲ್ಲಿ ಹೋದವರಿಗೆ ಅಲ್ಲಿ ದಾರಿಯೇ ಕಾಣುವುದಿಲ್ಲ. ಇಳಿತದ ಸಮಯ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಆದ್ದರಿಂದ ಹಣ ಕಟ್ಟುವ ಮುಂಚೆ, ಆ ದಿನ ಇಳಿತ ಎಷ್ಟು ಗಂಟೆಗೆ, ನಿಮ್ಮ ದೋಣಿ ಟುಪ್ ದ್ವೀಪಕ್ಕೆ ಎಷ್ಟು ಗಂಟೆಗೆ ಎಂಬ ಎರಡು ಪ್ರಶ್ನೆಗಳನ್ನು ಕೇಳಿ. ಕ್ರಾಬಿಯ ಉಬ್ಬರವಿಳಿತದ ಪಟ್ಟಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಉತ್ತರವನ್ನು ಅದರೊಡನೆ ತಾಳೆ ನೋಡಿಕೊಳ್ಳಬಹುದು.

ಇನ್ನು ದೋಣಿ. ಉದ್ದ ಬಾಲದ ಮರದ ದೋಣಿ, ಅಂದರೆ ಲಾಂಗ್‌ಟೇಲ್, ನಿಧಾನವಾಗಿ ಸಾಗುತ್ತದೆ. ಅದರ ಎಂಜಿನ್‌ನ ಸದ್ದು ಹೊಲದಲ್ಲಿ ಓಡುವ ಡೀಸೆಲ್ ಪಂಪಿನ ಸದ್ದಿನಂತಿರುತ್ತದೆ, ಕಿವಿಗೆ ಹತ್ತಿ ಇಟ್ಟುಕೊಂಡರೆ ನಷ್ಟವಿಲ್ಲ. ಆಓ ನಾಂಗ್ ತೀರದಿಂದ ಹತ್ತಿರದಲ್ಲೇ ಇರುವ ನಾಲ್ಕು ದ್ವೀಪಗಳಿಗೆ ಇದೇ ಸಾಕು. ದೂರದ ಫಿಫಿಗೆ ಹೋಗುವವರಿಗೆ ಸ್ಪೀಡ್‌ಬೋಟ್ ಅಥವಾ ದೊಡ್ಡ ಹಡಗು ಬೇಕಾಗುತ್ತದೆ. ಸ್ಪೀಡ್‌ಬೋಟಿನ ಮುಂಭಾಗದಲ್ಲಿ ಕುಳಿತರೆ ಗಾಳಿ ಚೆನ್ನಾಗಿ ಬೀಸುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ. ಆದರೆ ಪ್ರತಿ ಅಲೆಗೂ ಅಲ್ಲಿಯೇ ದೋಣಿ ಎದ್ದು ಬಡಿಯುವುದರಿಂದ ಬೆನ್ನುಮೂಳೆಗೆ ಪೆಟ್ಟಾಗಬಹುದು. ಹಿಂಭಾಗದ ಆಸನವೇ ಕ್ಷೇಮ. ಗರ್ಭಿಣಿಯರು ಮತ್ತು ಬೆನ್ನುನೋವಿರುವವರು ಸ್ಪೀಡ್‌ಬೋಟನ್ನು ಬಿಟ್ಟುಬಿಡಬೇಕು. ಮಂಡಿನೋವಿನ ಹಿರಿಯರಿದ್ದರೆ ಇನ್ನೊಂದು ವಿಷಯ ನೆನಪಿಡಿ: ಲಾಂಗ್‌ಟೇಲ್ ಹತ್ತಲು ಅನೇಕ ಕಡೆ ಮಂಡಿಯುದ್ದ ನೀರಿನಲ್ಲಿ ನಡೆದು, ಸಣ್ಣ ಏಣಿಯ ಮೇಲೆ ಕಾಲಿಡಬೇಕಾಗುತ್ತದೆ. ಅಂಥವರಿಗೆ ಜೆಟ್ಟಿಯಿಂದಲೇ ಹತ್ತಿಸುವ ದೊಡ್ಡ ಹಡಗಿನ ಪ್ರವಾಸ ಮೇಲು. ಸೀರೆಯುಟ್ಟು ಏಣಿ ಹತ್ತುವುದು ಸಾಹಸವೇ ಸರಿ. ಒಂದು ದಿನದ ಮಟ್ಟಿಗಾದರೂ ಚೂಡಿದಾರ್ ಅಥವಾ ಪ್ಯಾಂಟಿಗೆ ಒಪ್ಪಿಸಿ, ದುಪಟ್ಟಾವನ್ನು ಕೋಣೆಯಲ್ಲಿಯೇ ಬಿಡಿಸಿ. ಮಾಂಗಲ್ಯ, ಉಂಗುರ, ಬಳೆಗಳ ಬಗ್ಗೆ ಮನೆಯವರೊಡನೆ ಚರ್ಚಿಸುವ ಧೈರ್ಯ ನನಗಿಲ್ಲ. ಉಂಗುರ ಮಾತ್ರ ನೀರಿನಲ್ಲಿ ನೆನೆದ ಬೆರಳಿನಿಂದ ಸುಲಭವಾಗಿ ಜಾರುತ್ತದೆ.

ಫಿಫಿಯೋ, ನಾಲ್ಕು ದ್ವೀಪವೋ ಎಂಬ ಪ್ರಶ್ನೆಗೆ ನನ್ನ ಉತ್ತರ, ಮಕ್ಕಳೂ ಹಿರಿಯರೂ ಜೊತೆಗಿದ್ದರೆ ಮೊದಲ ಸಲ ನಾಲ್ಕು ದ್ವೀಪ. ಪ್ರಯಾಣದ ಹೊತ್ತು ಕಡಿಮೆ, ಮರಳಿನಲ್ಲಿ ಕಳೆಯುವ ಹೊತ್ತು ಹೆಚ್ಚು. ಫಿಫಿಗೆ ಹೋಗಲೇಬೇಕೆನ್ನುವವರು ಮಾಯಾ ಕೊಲ್ಲಿಯ ನಿಯಮಗಳನ್ನು ತಿಳಿದಿರಬೇಕು. 2000ರಲ್ಲಿ ತೆರೆಕಂಡ ಒಂದು ಹಾಲಿವುಡ್ ಚಿತ್ರದಿಂದ ಪ್ರಸಿದ್ಧವಾದ ಈ ಕೊಲ್ಲಿಗೆ ದಿನವೊಂದಕ್ಕೆ ಸಾವಿರಾರು ಮಂದಿ ನುಗ್ಗಿ ಹವಳದ ದಿಬ್ಬಗಳು ಹಾಳಾದುದರಿಂದ, 2018ರ ಜೂನ್‌ನಲ್ಲಿ ಅದನ್ನು ಮುಚ್ಚಲಾಯಿತು. 2022ರ ಜನವರಿಯಲ್ಲಿ ಮತ್ತೆ ತೆರೆಯಲಾಯಿತು. ಈಗ ದೋಣಿಗಳು ಕೊಲ್ಲಿಯೊಳಗೆ ಬರುವಂತಿಲ್ಲ, ಹಿಂಬದಿಯ ಲೋ ಸಮಾ ಎಂಬಲ್ಲಿ ನಿಲ್ಲಬೇಕು. ಪ್ರವಾಸಿಗರು ಅಲ್ಲಿಂದ ಮರದ ದಾರಿಯಲ್ಲಿ ನಡೆದು ಹೋಗಬೇಕು. ಕೊಲ್ಲಿಯಲ್ಲಿ ಈಜುವಂತಿಲ್ಲ. ಜೊತೆಗೆ ಚೇತರಿಕೆಗೆಂದು ಪ್ರತಿವರ್ಷ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಪೂರ್ತಿ ಮುಚ್ಚಿರುತ್ತದೆ. ದಸರಾ ರಜೆ ಸೆಪ್ಟೆಂಬರಿನಲ್ಲೇ ಶುರುವಾಗುವ ವರ್ಷ ಇದನ್ನು ಮರೆಯಬಾರದು.

ದರದ ವಿಷಯದಲ್ಲಿ ‘ಎಲ್ಲವೂ ಸೇರಿದೆ’ ಎಂಬ ಮಾತನ್ನು ಬಿಡಿಸಿ ಕೇಳಬೇಕು. ಹೋಟೆಲಿನಿಂದ ಕರೆದೊಯ್ಯುವ ವಾಹನ, ಊಟ, ಕುಡಿಯುವ ನೀರು, ಲೈಫ್ ಜಾಕೆಟ್, ನೀರಿನಲ್ಲಿ ಮುಖವಿಟ್ಟು ಮೀನು ನೋಡಲು ಸ್ನಾರ್ಕೆಲ್ ಎಂಬ ಉಸಿರುಕೊಳವೆಯಿರುವ ಮುಖವಾಡ ಸಾಮಾನ್ಯವಾಗಿ ಸೇರಿರುತ್ತವೆ. ಈ ದ್ವೀಪಗಳಿರುವ ರಾಷ್ಟ್ರೀಯ ಉದ್ಯಾನದ ಪ್ರವೇಶ ಶುಲ್ಕ ಅನೇಕ ವೇಳೆ ಸೇರಿರುವುದಿಲ್ಲ. ಫಿಫಿಯ ಕಡೆ ವಿದೇಶಿಯರಿಗೆ ಅದು ವಯಸ್ಕರಿಗೆ 400 ಬಾತ್, ಮಕ್ಕಳಿಗೆ 200 ಬಾತ್. ಒಂದು ಬಾತ್‌ಗೆ ಎರಡೂವರೆ ರೂಪಾಯಿಗೂ ಹೆಚ್ಚು ಬೀಳುತ್ತದೆಯಾದ್ದರಿಂದ, ನಾಲ್ವರ ಕುಟುಂಬಕ್ಕೆ ಇದು ಸಣ್ಣ ಮೊತ್ತವಲ್ಲ, ನಗದಾಗಿಯೇ ಇಟ್ಟುಕೊಳ್ಳಿ. ಬೀದಿಯ ಮೇಜುಗಳಲ್ಲಿ ಚೌಕಾಸಿ ಮಾಡಿ ಕೊಳ್ಳುವುದಾದರೆ, ಸಂಸ್ಥೆಗೆ ಪ್ರವಾಸೋದ್ಯಮದ ಪರವಾನಗಿ ಸಂಖ್ಯೆ ಇದೆಯೇ ಎಂದು ರಸೀದಿಯಲ್ಲಿ ನೋಡಬೇಕು. ಪರವಾನಗಿಯುಳ್ಳವರು ಪ್ರವಾಸಿಗರಿಗೆ ವಿಮೆ ಮಾಡಿಸಬೇಕೆಂಬುದು ಅಲ್ಲಿನ ನಿಯಮ. ವಂಚನೆಯಾದರೆ ಪ್ರವಾಸಿ ಪೊಲೀಸರ ಸಂಖ್ಯೆ 1155.

ಊಟದ ಮಾತಿಗೆ ಬರೋಣ. ನಮ್ಮ ಕಡೆಯವರ ನಿಜವಾದ ಆತಂಕ ಇಲ್ಲಿದೆ. ನಾಲ್ಕು ದ್ವೀಪಗಳ ಪ್ರವಾಸದಲ್ಲಿ ಊಟವನ್ನು ಹೆಚ್ಚಾಗಿ ಪೊಡಾ ದ್ವೀಪದ ಮರಗಳ ನೆರಳಿನಲ್ಲಿ ಕೊಡುತ್ತಾರೆ. ಫಿಫಿಯ ಪ್ರವಾಸದಲ್ಲಿ ಫಿಫಿ ಡಾನ್ ದ್ವೀಪದ ಹೋಟೆಲೊಂದರಲ್ಲಿ ಬಫೆ ಇರುತ್ತದೆ. ಅನ್ನ, ಕರಿದ ಕೋಳಿ, ತರಕಾರಿ ಹುರಿದದ್ದು, ಒಂದು ತೆಳು ಸಾರು, ಕೊನೆಗೆ ಅನಾನಸ್ ಮತ್ತು ಕಲ್ಲಂಗಡಿ ಹೋಳು: ಇದು ವಾಡಿಕೆಯ ಊಟ. ಕೋಳಿ ತಿನ್ನುವವರಿಗೆ ತೊಂದರೆಯೇನೂ ಇಲ್ಲ. ಕ್ರಾಬಿಯಲ್ಲಿ ಮುಸ್ಲಿಮರ ಸಂಖ್ಯೆ ಗಣನೀಯವಾಗಿರುವುದರಿಂದ ಹಲಾಲ್ ಊಟವೂ ಕಷ್ಟವಿಲ್ಲದೆ ದೊರೆಯುತ್ತದೆ. ಪೂರ್ತಿ ಸಸ್ಯಾಹಾರಿಗಳಿಗೆ ಮಾತ್ರ ಎಚ್ಚರಿಕೆ ಬೇಕು. ಬರೀ ತರಕಾರಿಯಂತೆ ಕಾಣುವ ಪಲ್ಯಕ್ಕೂ ಅಲ್ಲಿ ಮೀನಿನ ಸಾಸ್ ಅಥವಾ ಆಯಿಸ್ಟರ್ ಎಂಬ ಚಿಪ್ಪುಜೀವಿಯ ಸಾಸ್ ಬಿದ್ದಿರುತ್ತದೆ, ಮಸಾಲೆಯ ಮುದ್ದೆಯಲ್ಲಿ ಸೀಗಡಿ ಅರೆದಿರುತ್ತದೆ. ‘ವೆಜಿಟೇರಿಯನ್’ ಎಂದರೆ ಮಾಂಸದ ತುಂಡು ತೆಗೆದು ಕೊಡುವವರೂ ಉಂಟು. ‘ಕಿನ್ ಜೇ’ ಎಂದು ಹೇಳಿದರೆ ಮೀನು, ಮೊಟ್ಟೆ, ಮಾಂಸ, ಹಾಲು ಮಾತ್ರವಲ್ಲದೆ ಬೆಳ್ಳುಳ್ಳಿಯಂಥ ಘಾಟಿನ ಪದಾರ್ಥಗಳನ್ನೂ ಬಿಡುವವರು ಎಂದು ಅರ್ಥವಾಗುತ್ತದೆ. ಇದನ್ನು ದೋಣಿ ಹತ್ತಿದ ಮೇಲೆ ಹೇಳಿ ಪ್ರಯೋಜನವಿಲ್ಲ, ಡಬ್ಬಿಗಳು ಆಗಲೇ ಕಟ್ಟಿರುತ್ತವೆ. ಹಿಂದಿನ ದಿನ ಹಣ ಕಟ್ಟುವಾಗಲೇ ರಸೀದಿಯ ಮೇಲೆ ಬರೆಸಬೇಕು.

ಇಷ್ಟಾದರೂ ಕೈಯಲ್ಲೊಂದು ಡಬ್ಬಿ ಇರಲಿ. ಸಮುದ್ರ ಶಾಂತವಾಗಿರುವ ಕಾಲವೂ ನಮ್ಮ ಅವರೆಕಾಯಿಯ ಕಾಲವೂ ಒಂದೇ ಆಗಿರುವುದು ಒಳ್ಳೆಯ ಯೋಗ: ಹುರಿದ ಅವರೆಬೇಳೆ, ನಿಪ್ಪಟ್ಟು, ಅನ್ನಕ್ಕೆ ಕಲಸಿಕೊಳ್ಳಲು ಚಟ್ನಿಪುಡಿ ಇದ್ದರೆ ಸಪ್ಪೆ ಅನ್ನವೂ ಇಳಿಯುತ್ತದೆ. ಅವನ್ನು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಒಯ್ಯದೆ ಸ್ಟೀಲ್ ಡಬ್ಬಿಗೆ ತುಂಬಿಕೊಳ್ಳಿ, ಏಕೆಂದರೆ ಥಾಯ್ಲೆಂಡಿನ ರಾಷ್ಟ್ರೀಯ ಉದ್ಯಾನಗಳಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಮತ್ತು ಥರ್ಮೋಕೋಲ್‌ಗೆ 2022ರಿಂದ ನಿಷೇಧವಿದೆ. ಬೆಳಗಿನ ತಿಂಡಿ ಹಗುರವಾಗಿರಬೇಕು, ಆದರೆ ಖಾಲಿ ಹೊಟ್ಟೆಯಲ್ಲಿ ಹೋದರೆ ಓಕರಿಕೆ ಹೆಚ್ಚು. ಬಸ್ಸಿನಲ್ಲಿ ಘಾಟಿ ಇಳಿಯುವಾಗ ತಲೆ ಸುತ್ತುವವರು ವೈದ್ಯರನ್ನು ಕೇಳಿ ಮಾತ್ರೆ ತಂದುಕೊಂಡು, ಹೊರಡುವುದಕ್ಕೆ ಒಂದು ಗಂಟೆ ಮುಂಚೆ ನುಂಗಬೇಕು. ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ದೋಣಿಯಲ್ಲಿ ಮೊಬೈಲ್ ನೋಡದೆ ದೂರದ ದಿಗಂತವನ್ನು ನೋಡುತ್ತಿದ್ದರೆ ಉಪಶಮನವಾಗುತ್ತದೆ.

ತೋಟದ ಬಾವಿಯಲ್ಲಿ ಈಜು ಕಲಿತವರು ನಮ್ಮಲ್ಲಿ ಅನೇಕರಿದ್ದಾರೆ. ಅವರಿಗೇ ಸಮುದ್ರದಲ್ಲಿ ಅಪಾಯ ಹೆಚ್ಚು ಎಂದು ನನ್ನ ಅಭಿಪ್ರಾಯ. ಬಾವಿಯ ನೀರು ನಿಂತ ನೀರು, ಸಮುದ್ರದ ನೀರು ಸೆಳೆಯುತ್ತದೆ. ಸೆಳೆತಕ್ಕೆ ಸಿಕ್ಕರೆ ದಡದತ್ತ ನೇರವಾಗಿ ಹೋರಾಡದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು, ಆಮೇಲೆ ದಡಕ್ಕೆ ತಿರುಗಬೇಕು. ಈಜು ಬರಲಿ ಬಾರದಿರಲಿ, ಲೈಫ್ ಜಾಕೆಟ್ಟಿನ ಎಲ್ಲ ಪಟ್ಟಿಗಳನ್ನೂ ಬಿಗಿಯಬೇಕು. ಮಕ್ಕಳ ಅಳತೆಯ ಜಾಕೆಟ್ ಇದೆಯೇ ಎಂದು ದಡದಲ್ಲೇ ಕೇಳಬೇಕು. ಸ್ನಾರ್ಕೆಲ್‌ನಲ್ಲಿ ಬಾಯಿಯಿಂದ ಉಸಿರಾಡಬೇಕಾದ್ದರಿಂದ ಹಿಂದಿನ ಸಂಜೆ ಹೋಟೆಲಿನ ಈಜುಕೊಳದಲ್ಲಿ ಅಭ್ಯಾಸ ಮಾಡಿಕೊಂಡರೆ ಮರುದಿನ ಗಾಬರಿಯಾಗುವುದಿಲ್ಲ. ಮೀನು ನೋಡುತ್ತ ತೇಲುವಾಗ ಬೆನ್ನೂ ಮೀನಖಂಡಗಳೂ ಬಿಸಿಲಿಗೆ ಸುಡುತ್ತವೆ, ತಿಳಿಯುವುದು ರಾತ್ರಿ ಮಲಗಿದಾಗ. ತುಂಬುತೋಳಿನ ಅಂಗಿ, ಉದ್ದನೆಯ ಬಿಗಿ ಪ್ಯಾಂಟು ಧರಿಸುವುದೇ ಸರಿ. ಸನ್‌ಸ್ಕ್ರೀನ್ ಹಚ್ಚುವವರು ಅದರ ಹಿಂಬದಿಯ ಬರಹ ಓದಬೇಕು: ಹವಳಕ್ಕೆ ಹಾನಿಕರವಾದ ಆಕ್ಸಿಬೆನ್‌ಜೋನ್, ಆಕ್ಟಿನಾಕ್ಸೇಟ್ ಮೊದಲಾದ ನಾಲ್ಕು ರಾಸಾಯನಿಕಗಳಿರುವವನ್ನು ಅಲ್ಲಿನ ರಾಷ್ಟ್ರೀಯ ಉದ್ಯಾನಗಳಲ್ಲಿ 2021ರಿಂದ ನಿಷೇಧಿಸಲಾಗಿದೆ, ದಂಡ ಒಂದು ಲಕ್ಷ ಬಾತ್‌ವರೆಗೆ. ಹವಳ, ಕಪ್ಪೆಚಿಪ್ಪುಗಳನ್ನು ಮಕ್ಕಳು ಜೇಬಿಗಿಳಿಸುವುದೂ ಅಪರಾಧವೇ. ಜೆಲ್ಲಿಮೀನು ತಾಗಿದರೆ ಕೈಯಿಂದ ಉಜ್ಜದೆ ವಿನೆಗರ್ ಸುರಿಯಬೇಕು. ಅಲ್ಲಿನ ಅನೇಕ ತೀರಗಳಲ್ಲಿ ಇದಕ್ಕೆಂದೇ ಕಂಬಗಳಿಗೆ ವಿನೆಗರ್ ಬಾಟಲಿ ಕಟ್ಟಿರುತ್ತಾರೆ. ಕೋತಿಗಳಿರುವ ತೀರಗಳಲ್ಲಿ ಕೈಯಲ್ಲಿ ತಿಂಡಿ ಹಿಡಿಯಬೇಡಿ. ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹದಿನೈದು ನಿಮಿಷ ತೊಳೆದು, ಅದೇ ದಿನ ರೇಬಿಸ್ ಚುಚ್ಚುಮದ್ದು ಆರಂಭಿಸಬೇಕಾಗುತ್ತದೆ.

ಕೊನೆಯದಾಗಿ, ದೋಣಿಯ ದಿನವನ್ನು ಪ್ರವಾಸದ ಕೊನೆಯ ದಿನಕ್ಕೆ ನಿಗದಿ ಮಾಡಬಾರದು. ಗಾಳಿ ಎದ್ದು ದೋಣಿ ರದ್ದಾದರೆ ಸಂಸ್ಥೆಯವರು ಸಾಮಾನ್ಯವಾಗಿ ಬೇರೆ ದಿನ ಕೊಡುತ್ತಾರೆ ಅಥವಾ ಹಣ ಹಿಂದಿರುಗಿಸುತ್ತಾರೆ, ಆದರೆ ಆ ಬೇರೆ ದಿನ ನಿಮ್ಮ ಬಳಿ ಇರಬೇಕಲ್ಲ. ತಲುಪಿದ ಮರುದಿನವನ್ನೋ ಅದರಾಚೆಯ ದಿನವನ್ನೋ ಆರಿಸಿಕೊಂಡು, ರದ್ದಾದರೆ ಏನು ಕೊಡುತ್ತೀರಿ ಎಂಬುದನ್ನೂ ಊಟದ ಸೂಚನೆಯ ಜೊತೆಗೆ ಅದೇ ರಸೀದಿಯ ಮೇಲೆ ಬರೆಸಿಕೊಳ್ಳಿ.